ಶೂನ್ಯ ವೋಲ್ಟಿನ ಶ್ರುತಿ

1969ನೆಯ ಇಸವಿಯಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅವರು ಅಪೂರ್ವವಾದೊಂದು ವಾದ್ಯವನ್ನು ಸ್ಥಾಪಿಸಿಕೊಟ್ಟರು. ತಂತಿಯಾಗಲಿ ಚರ್ಮವಾಗಲಿ ಗಾಳಿಯ ಕೊಳವೆಯಾಗಲಿ ಇಲ್ಲದ, ಮರದ ಪೆಟ್ಟಿಗೆಯೊಳಗೆ ಬೇರೆ ಬೇರೆ ವಿದ್ಯುನ್ಮಂಡಲಗಳನ್ನು ಸಾಲುಗೂಡಿಸಿ, ಅವುಗಳ ಮುಖದ ಮೇಲಿನ ರಂಧ್ರಗಳನ್ನು ಕೇಬಲ್ಲುಗಳಿಂದ ಒಂದಕ್ಕೊಂದು ಹೆಣೆದು ನುಡಿಸತಕ್ಕ ಆ ಯಂತ್ರವು, ರಾಬರ್ಟ್ ಮೋಗ್ ಎಂಬ ತಂತ್ರಜ್ಞರು ಸಂಗೀತಕಾರ ಹರ್ಬರ್ಟ್ ಡಾಯ್ಚ್ ಅವರೊಡಗೂಡಿ 1964ರಲ್ಲಿ ರೂಪಿಸಿದ ಮಾಡ್ಯುಲರ್ ಸಿಂಥೆಸೈಸರಿನ ವಂಶಕ್ಕೆ ಸೇರಿದುದು. ಗೀತಾ ಸಾರಾಭಾಯ್, ಐ. ಎಸ್. ಮಾಥುರ್, ಅತುಲ್ ದೇಸಾಯಿ, ಎಸ್. ಸಿ. ಶರ್ಮಾ, ಜಿನರಾಜ್ ಜೋಶಿಪುರಾ ಮೊದಲಾದವರು 1972ರ ತನಕ ಅದರ ಮೇಲೆ ನಡೆಸಿದ ಪ್ರಯೋಗಗಳ ಟೇಪುಗಳು ಬಹುಕಾಲ ಮರೆವಿನಲ್ಲಿದ್ದು, 2023ರಲ್ಲಿ ಧ್ವನಿಮುದ್ರಿಕೆಯ ರೂಪದಲ್ಲಿ ಹೊರಬಂದುವು. ಭಾರತದಲ್ಲಿ ಈ ವಾದ್ಯಕ್ಕೆ ಅಷ್ಟು ಹಿಂದಿನ ಪರಂಪರೆ ಇದೆಯೆಂಬ ಸಂಗತಿಯು ಇಂದು ಬೆಂಗಳೂರಿನಲ್ಲೋ ಪುಣೆಯಲ್ಲೋ ತಮ್ಮ ಕೋಣೆಯ ಮೇಜಿನ ಮೇಲೆ ಇಂಥ ವಾದ್ಯವೊಂದನ್ನು ಕಟ್ಟಿಕೊಳ್ಳಲು ಹೊರಟ ಯುವಕ ಯುವತಿಯರಿಗೆ ಉತ್ಸಾಹವನ್ನು ತುಂಬತಕ್ಕದ್ದೇ. ಅವರು ಎಲ್ಲಕ್ಕಿಂತ ಮೊದಲು ಯೋಚಿಸಬೇಕಾದ, ಆದರೆ ಸಾಮಾನ್ಯವಾಗಿ ಎಲ್ಲಕ್ಕಿಂತ ಕೊನೆಯಲ್ಲಿ ಯೋಚಿಸುವ, ಪವರ್ ಸಪ್ಲೈ ಎಂಬ ಅಂಗವನ್ನು ಕುರಿತು ಕೆಲವು ಮಾತುಗಳನ್ನು ಹೇಳುವುದು ಈ ಲೇಖನದ ಉದ್ದೇಶ.

ಇಂದು ಬಳಕೆಯಲ್ಲಿರುವ ಮಾಡ್ಯುಲರ್ ವಾದ್ಯಗಳಲ್ಲಿ ಬಹುಭಾಗವು ಯೂರೋರ್ಯಾಕ್ ಎಂಬ ಪದ್ಧತಿಯನ್ನು ಅನುಸರಿಸುತ್ತದೆ. ಜರ್ಮನಿಯ ಮ್ಯೂನಿಕ್ ನಗರದ ಸಮೀಪದಲ್ಲಿರುವ ಡೀಟರ್ ಡೋಪ್‌ಫರ್ ಅವರು 1990ರ ದಶಕದ ನಡುವಿನಲ್ಲಿ ಹೊರತಂದ ಎ-100 ಎಂಬ ವಾದ್ಯದಿಂದ ಹುಟ್ಟಿದ ಈ ಪದ್ಧತಿಯಲ್ಲಿ, ಮಾಡ್ಯೂಲುಗಳೆಂಬ ಬಿಡಿ ಘಟಕಗಳ ಎತ್ತರವು 128.5 ಮಿಲಿಮೀಟರ್ ಎಂದೂ, ಅವುಗಳಿಗೆ ಒದಗಿಸತಕ್ಕ ವಿದ್ಯುತ್ತು ಧನ 12 ವೋಲ್ಟ್, ಋಣ 12 ವೋಲ್ಟ್, ಕೆಲವಕ್ಕೆ ಮಾತ್ರ ಧನ 5 ವೋಲ್ಟ್ ಎಂದೂ ನಿಯಮವುಂಟು. ಈ ಒಡಂಬಡಿಕೆಯ ಫಲವಾಗಿ ಬೇರೆ ಬೇರೆ ದೇಶಗಳ ತಯಾರಕರ ಘಟಕಗಳು ಒಂದೇ ಪೆಟ್ಟಿಗೆಯಲ್ಲಿ ನೆರೆಹೊರೆಯಾಗಿ ಬಾಳಬಲ್ಲುವು. ಆದರೆ ಅವೆಲ್ಲವನ್ನೂ ಪೋಷಿಸುವ ಹೊಣೆಯು ಘಟಕವನ್ನು ಮಾಡಿದವನದಾಗಿ ಉಳಿಯದೆ, ಪೆಟ್ಟಿಗೆಯನ್ನು ಕಟ್ಟುವವನ ತಲೆಯ ಮೇಲೆ ಬೀಳುತ್ತದೆ.

ಆ ಹೊಣೆ ಏಕೆ ಗುರುತರವಾದುದು? ರೇಡಿಯೋದಲ್ಲಿಯೋ ಧ್ವನಿವರ್ಧಕದಲ್ಲಿಯೋ ವಿದ್ಯುತ್ತು ಧ್ವನಿಯನ್ನು ಹೊರುತ್ತದೆ. ಈ ವಾದ್ಯದಲ್ಲಿಯಾದರೋ ವೋಲ್ಟೇಜೇ ಸ್ವರಸ್ಥಾನವನ್ನು ನಿರ್ಣಯಿಸುತ್ತದೆ. ಸ್ವರವನ್ನು ಹುಟ್ಟಿಸುವ ಆಸಿಲೇಟರ್ ಎಂಬ ಘಟಕಕ್ಕೆ ಕೊಡುವ ನಿಯಂತ್ರಕ ವೋಲ್ಟೇಜು ಒಂದು ವೋಲ್ಟಿನಷ್ಟು ಏರಿದರೆ ಸ್ವರವು ಷಡ್ಜದಿಂದ ತಾರಷಡ್ಜಕ್ಕೆ, ಅಂದರೆ ಸರಿಯಾಗಿ ಒಂದು ಸ್ಥಾಯಿಯಷ್ಟು ಏರುತ್ತದೆ. ಸ್ಥಾಯಿಯನ್ನು ಹನ್ನೆರಡು ಸಮಭಾಗ ಮಾಡಿದರೆ ಒಂದೊಂದು ಭಾಗಕ್ಕೆ ಸುಮಾರು 83 ಮಿಲಿವೋಲ್ಟ್. ನಮ್ಮ ಸಂಗೀತಶಾಸ್ತ್ರಜ್ಞರು ಪ್ರಮಾಣಶ್ರುತಿಯೆಂದು ಗಣಿಸುವ, 81ಕ್ಕೂ 80ಕ್ಕೂ ಇರುವ ಅನುಪಾತದ ಆ ಸೂಕ್ಷ್ಮಾಂತರಕ್ಕೆ ಕೇವಲ 18 ಮಿಲಿವೋಲ್ಟ್. ಟಾರ್ಚಿನ ಒಂದು ಸೆಲ್ಲಿನಲ್ಲಿರುವ ಒಂದೂವರೆ ವೋಲ್ಟನ್ನು ಎಂಬತ್ತಕ್ಕೂ ಹೆಚ್ಚು ಪಾಲು ಮಾಡಿದರೆ ಬರುವ ಒಂದು ಪಾಲಿನಷ್ಟು. ಸಾಧನೆಯುಳ್ಳ ಕಿವಿ ಇದಕ್ಕಿಂತ ಕಡಿಮೆಯ ಅಪಶ್ರುತಿಯನ್ನೂ ಗುರುತಿಸಬಲ್ಲುದು. ಇಷ್ಟು ಅಲ್ಪವಾದ ವೋಲ್ಟೇಜು ದಾರಿ ತಪ್ಪಿ ಎಲ್ಲಿಂದ ಸೇರಿಕೊಂಡೀತು ಎಂಬುದನ್ನು ಹುಡುಕುತ್ತ ಹೋದರೆ, ಜನರು ಸಾಮಾನ್ಯವಾಗಿ ಸಂದೇಹಿಸುವ 12 ವೋಲ್ಟಿನ ತಂತಿಗಳಿಗಿಂತ ಹೆಚ್ಚಾಗಿ, ಯಾರೂ ಸಂದೇಹಿಸದ ಶೂನ್ಯ ವೋಲ್ಟಿನ ತಂತಿಯಲ್ಲಿ ಅದು ಸಿಕ್ಕುತ್ತದೆ.

ವಾದ್ಯದಲ್ಲಿರುವ ಪ್ರತಿಯೊಂದು ವೋಲ್ಟೇಜನ್ನೂ ಶೂನ್ಯದ ತಂತಿಯನ್ನು ಆಧಾರವಾಗಿಟ್ಟುಕೊಂಡೇ ಅಳೆಯುವುದು. ಆದಕಾರಣ ಅದು ಕಚೇರಿಯಲ್ಲಿ ಗಾಯಕನ ಬೆನ್ನಿಗೆ ಮೀಟುವ ತಂಬೂರಿಯ ಸ್ಥಾನದಲ್ಲಿದೆ. ಆಧಾರವೇ ಅಲುಗಿದರೆ ಅದರ ಮೇಲೆ ನಿಂತ ಸ್ವರಗಳೆಲ್ಲವೂ ತಮ್ಮ ತಪ್ಪಿಲ್ಲದೆಯೇ ಅಪಸ್ವರಗಳಾಗುವುವು. ಶೂನ್ಯವೆಂಬ ಹೆಸರಿದ್ದ ಮಾತ್ರಕ್ಕೆ ಆ ತಂತಿಯು ನಿಜವಾಗಿ ಶೂನ್ಯದಲ್ಲಿರುವುದೆಂದು ಭಾವಿಸಲಾಗದು. ತಾಮ್ರದ ತಂತಿಗೂ ಒಂದಿಷ್ಟು ರೋಧವಿದೆ. ಅದರಲ್ಲಿ ಪ್ರವಾಹ ಹರಿದರೆ ಈ ತುದಿಗೂ ಆ ತುದಿಗೂ ನಡುವೆ ವೋಲ್ಟೇಜಿನ ಅಂತರ ಹುಟ್ಟಿಯೇ ತೀರಬೇಕು. ಮುಕ್ಕಾಲು ಚದರ ಮಿಲಿಮೀಟರ್ ದಪ್ಪದ ಸಾಮಾನ್ಯ ವಯರಿಗೆ ಮೀಟರಿಗೆ ಸುಮಾರು 26 ಮಿಲಿಓಮ್ ರೋಧ. ಅದರ ಅರ್ಧ ಮೀಟರಿನ ತುಂಡಿನಲ್ಲಿ ಒಂದು ಆಂಪಿಯರ್ ಹರಿದರೆ 13 ಮಿಲಿವೋಲ್ಟ್ ವ್ಯತ್ಯಾಸ. ಎಂದರೆ ಪ್ರಮಾಣಶ್ರುತಿಯ ಮುಕ್ಕಾಲು ಪಾಲಿಗೆ ಸಮೀಪ. ಅದೇ ಜಾಗದಲ್ಲಿ ಮನೆಯ ವಯರಿಂಗಿಗೆ ಉಪಯೋಗಿಸುವ ಎರಡೂವರೆ ಚದರ ಮಿಲಿಮೀಟರಿನ ವಯರನ್ನು ಹಾಕಿದರೆ ವ್ಯತ್ಯಾಸವು 4 ಮಿಲಿವೋಲ್ಟಿಗೆ ಇಳಿಯುತ್ತದೆ. ಕೆಲವೇ ರೂಪಾಯಿಗಳ ತಾಮ್ರದಿಂದ ದೊರೆಯುವ ಈ ಶ್ರುತಿಶುದ್ಧಿಯನ್ನು ಬಿಟ್ಟು, ಸಾವಿರಾರು ರೂಪಾಯಿ ತೆತ್ತು ಇನ್ನೊಂದು ಆಸಿಲೇಟರನ್ನು ಕೊಳ್ಳುವವರನ್ನು ಕಂಡರೆ ನನಗೆ ನಿಜವಾಗಿ ವ್ಯಥೆಯಾಗುತ್ತದೆ.

ಇಲ್ಲಿ ಗಮನಿಸತಕ್ಕ ಸೂಕ್ಷ್ಮವೊಂದುಂಟು. ಧನ ತಂತಿಯಿಂದ ಬಂದ ಪ್ರವಾಹವೆಲ್ಲ ಶೂನ್ಯದ ಮೂಲಕವೇ ಹಿಂದಿರುಗುವುದಿಲ್ಲ. ಋಣ ತಂತಿಯು ತನ್ನ ಪಾಲನ್ನು ಸೆಳೆದುಕೊಂಡು, ಎರಡರ ವ್ಯತ್ಯಾಸ ಮಾತ್ರ ಶೂನ್ಯದಲ್ಲಿ ಹರಿಯುತ್ತದೆ. ಹಳೆಯ ಮಾದರಿಯ ಅನಲಾಗ್ ಘಟಕಗಳು ಎರಡೂ ಕಡೆಯಿಂದ ಬಹುಮಟ್ಟಿಗೆ ಸಮವಾಗಿ ಸೆಳೆಯುವುದರಿಂದ ಶೂನ್ಯಕ್ಕೆ ಭಾರ ಕಡಿಮೆ. ಮೈಕ್ರೋಪ್ರೊಸೆಸರುಗಳಿಂದಲೂ ಪುಟ್ಟ ಪರದೆಗಳಿಂದಲೂ ಕೂಡಿದ ಈಚಿನ ಘಟಕಗಳಾದರೋ ಧನ ತಂತಿಯಿಂದಲೇ ಹೆಚ್ಚಾಗಿ ಉಂಡು, ಅದನ್ನೆಲ್ಲ ಶೂನ್ಯದೊಳಕ್ಕೆ ಸುರಿಯುವುವು. ಆ ಸುರಿತವು ಸ್ಥಿರವಾಗಿದ್ದರೆ ಒಮ್ಮೆ ಶ್ರುತಿ ಮಾಡಿ ಸರಿಪಡಿಸಿಕೊಳ್ಳಬಹುದಿತ್ತು. ಆದರೆ ಎಲ್‌ಇಡಿ ದೀಪಗಳು ತಾಳಕ್ಕೆ ಸರಿಯಾಗಿ ಹೊತ್ತಿ ಆರುತ್ತಿದ್ದರೆ ಪ್ರವಾಹವೂ ತಾಳಕ್ಕೆ ಸರಿಯಾಗಿ ಏರಿಳಿಯುವುದರಿಂದ, ಸ್ವರವೂ ಅದರೊಡನೆ ಕಂಪಿಸುತ್ತದೆ. ಇದಕ್ಕೆ ಶ್ರುತಿಯ ತಿರುಪಿನಲ್ಲಿ ಔಷಧವಿಲ್ಲ.

ಔಷಧವಿರುವುದು ಜೋಡಣೆಯ ಕ್ರಮದಲ್ಲಿ. ಪವರ್ ಸಪ್ಲೈಯಿಂದ ಒಂದೇ ತಂತಿಯನ್ನು ಹೊರಡಿಸಿ, ಮೊದಲನೆಯ ಸಾಲಿಗೆ ಮುಟ್ಟಿಸಿ, ಅಲ್ಲಿಂದ ಎರಡನೆಯ ಸಾಲಿಗೆ, ಅಲ್ಲಿಂದ ಮೂರನೆಯದಕ್ಕೆ ಎಂದು ಸರಪಳಿಯಾಗಿ ಒಯ್ಯುವುದು ಸುಲಭವಾಗಿ ತೋರಿದರೂ ಕೆಟ್ಟ ಪದ್ಧತಿ; ಏಕೆಂದರೆ ಎಲ್ಲ ಸಾಲುಗಳ ಪ್ರವಾಹವೂ ಮೊದಲ ತುಂಡಿನಲ್ಲಿಯೇ ಹರಿದು, ಪರರ ಭಾರದಿಂದ ಪ್ರತಿಯೊಬ್ಬರ ಶೂನ್ಯವೂ ಅಲುಗುತ್ತದೆ. ಒಂದೊಂದು ಸಾಲಿನ ಘಟಕಗಳಿಗೆ ವಿದ್ಯುತ್ತನ್ನು ಹಂಚುವ ಪ್ರತಿಯೊಂದು ಬಸ್‌ಬೋರ್ಡಿಗೂ ಪವರ್ ಸಪ್ಲೈಯ ಟರ್ಮಿನಲ್ಲಿನಿಂದಲೇ ಪ್ರತ್ಯೇಕವಾದ, ದಪ್ಪವಾದ, ಆದಷ್ಟು ಗಿಡ್ಡವಾದ ತಂತಿಗಳನ್ನು ನಕ್ಷತ್ರದ ಕಿರಣಗಳಂತೆ ಹೊರಡಿಸುವುದು ಒಳ್ಳೆಯದು. ಒಂದೇ ಬೋರ್ಡಿನ ಮೇಲೆ, ಹೆಚ್ಚು ಪ್ರವಾಹವನ್ನು ಸೆಳೆಯುವ ಘಟಕಗಳನ್ನು ತಂತಿ ಬಂದು ಸೇರುವ ಸ್ಥಳದ ಹತ್ತಿರ ಇಟ್ಟರೆ ಅವುಗಳ ಪ್ರವಾಹವು ಬೋರ್ಡಿನ ಉದ್ದಕ್ಕೂ ಹಾಯುವ ಅಗತ್ಯವಿರುವುದಿಲ್ಲ. ಸ್ವರದ ವೋಲ್ಟೇಜನ್ನು ಹುಟ್ಟಿಸುವ ಸೀಕ್ವೆನ್ಸರನ್ನೂ ಅದನ್ನು ಕೇಳಿ ನಡೆಯುವ ಆಸಿಲೇಟರುಗಳನ್ನೂ ಒಂದೇ ಬೋರ್ಡಿನಲ್ಲಿ ಅಕ್ಕಪಕ್ಕದಲ್ಲಿ ಕೂರಿಸಿದರೆ, ಶೂನ್ಯವು ಅಲುಗಿದರೂ ಇಬ್ಬರಿಗೂ ಒಂದೇ ಪ್ರಮಾಣದಲ್ಲಿ ಅಲುಗುವುದರಿಂದ ಅಂತರವು ಕೆಡುವುದಿಲ್ಲ. ಪೆಟ್ಟಿಗೆಗಳು ಎರಡಿದ್ದರೆ ಎರಡರ ಶೂನ್ಯಗಳನ್ನೂ ದಪ್ಪ ತಂತಿಯೊಂದರಿಂದ ಕೂಡಿಸತಕ್ಕದ್ದು. ಇಲ್ಲವಾದರೆ ಅವುಗಳ ನಡುವಿನ ಪ್ರವಾಹವು ಪ್ಯಾಚ್ ಕೇಬಲ್ಲಿನ ತೆಳುವಾದ ಹೊರಕವಚವನ್ನೇ ದಾರಿ ಮಾಡಿಕೊಳ್ಳುವುದು.

ಇನ್ನು ಪವರ್ ಸಪ್ಲೈಯ ಆಯ್ಕೆ. ಲೀನಿಯರ್, ಸ್ವಿಚಿಂಗ್ ಎಂಬ ಎರಡು ಪಂಥಗಳುಂಟು, ಎರಡಕ್ಕೂ ಕಟ್ಟಾಭಿಮಾನಿಗಳಿದ್ದಾರೆ. ಲೀನಿಯರ್ ಬಗೆಯಲ್ಲಿ ಭಾರವಾದ ಟ್ರಾನ್ಸ್‌ಫಾರ್ಮರೊಂದು 230 ವೋಲ್ಟನ್ನು ತಗ್ಗಿಸಿ, ಡಯೋಡುಗಳು ಅದನ್ನು ಏಕಮುಖವಾಗಿಸಿ, ದೊಡ್ಡ ಕಪಾಸಿಟರುಗಳು ಸೆಕೆಂಡಿಗೆ ನೂರು ಬಾರಿಯ ಅದರ ಏರಿಳಿತವನ್ನು ಸಾಕಷ್ಟು ಸಮಗೊಳಿಸಿದ ತರುವಾಯ, 7812, 7912ರಂಥ ಅಥವಾ ಎಲ್‌ಎಂ 317, 337ರಂಥ ರೆಗ್ಯುಲೇಟರುಗಳು ಹೆಚ್ಚಾದ ವೋಲ್ಟೇಜನ್ನು ತಮ್ಮ ಮೇಲೆ ಹೊತ್ತುಕೊಂಡು 12 ವೋಲ್ಟನ್ನು ಶುದ್ಧವಾಗಿ ಹೊರಗೆ ಬಿಡುವುವು. ಹೊತ್ತುಕೊಂಡದ್ದೆಲ್ಲ ಶಾಖವಾಗಿ ಪರಿಣಮಿಸುತ್ತದೆ: 18 ವೋಲ್ಟು ಒಳಗೆ ಬಂದು 12 ಹೊರಗೆ ಹೋಗುತ್ತಿದ್ದರೆ, ಒಂದು ಆಂಪಿಯರಿಗೆ ಆರು ವಾಟ್. ಈ ಶಾಖವನ್ನು ಹೊರಹಾಕಲು ಅಲ್ಯೂಮಿನಿಯಮ್ಮಿನ ಹೀಟ್‌ಸಿಂಕ್ ಬೇಕು, ಪೆಟ್ಟಿಗೆಯ ಹಿಂಬದಿಯಲ್ಲಿ ಗಾಳಿಗೆ ದಾರಿ ಬೇಕು. ಏಕೆಂದರೆ ಅನಲಾಗ್ ಆಸಿಲೇಟರಿನ ಟ್ರಾನ್ಸಿಸ್ಟರುಗಳು ಕಾವಿಗೆ ಬಲು ಸೂಕ್ಷ್ಮವಾಗಿ ಸ್ಪಂದಿಸಿ ಶ್ರುತಿಯನ್ನು ಜಾರಿಸುವುವು. ಸ್ವಿಚಿಂಗ್ ಬಗೆಯು ಹಗುರ, ತಂಪು, ಮಿತವ್ಯಯಿ. ಸೆಕೆಂಡಿಗೆ ಹತ್ತಾರು ಸಾವಿರದಿಂದ ಲಕ್ಷಾಂತರ ಬಾರಿ ಪ್ರವಾಹವನ್ನು ಕಡಿದು ಜೋಡಿಸುವ ಅದರ ರೀತಿಯಿಂದ ಗದ್ದಲ ಹುಟ್ಟುವುದು ನಿಜವಾದರೂ, ಆ ಗದ್ದಲ ಕಿವಿಗೆ ನಿಲುಕದ ಎತ್ತರದ್ದು, ಮತ್ತು ಒಳ್ಳೆಯ ತಯಾರಿಕೆಯಲ್ಲಿ ಇಂಡಕ್ಟರುಗಳಿಂದ ಅದನ್ನು ಸೋಸಿಯೇ ಹೊರಬಿಡುತ್ತಾರೆ. ಇಂಥ ಎರಡು ಪರಿವರ್ತಕಗಳು ಸಮೀಪದ ಆವರ್ತಾಂಕಗಳಲ್ಲಿ ದುಡಿಯುತ್ತಿದ್ದು, ಅವುಗಳ ವ್ಯತ್ಯಾಸವು ಕಿವಿಗೆ ಕೇಳುವ ಸಿಳ್ಳಾಗಿ ಇಳಿದುಬರುವ ಸಂದರ್ಭವೊಂದನ್ನು ಬಿಟ್ಟರೆ, ಸ್ವಿಚಿಂಗ್ ಎಂಬ ಹೆಸರಿಗೇ ಮೂಗು ಮುರಿಯುವುದು ಅನ್ಯಾಯವೆಂದು ನನ್ನ ಅಭಿಪ್ರಾಯ.

ಮೊದಲ ಸಲ ಕಟ್ಟುವವರಿಗೆ ನಾನು ಸೂಚಿಸುವುದು ಮಧ್ಯಮಮಾರ್ಗವನ್ನು: ಮನೆಯ 230 ವೋಲ್ಟನ್ನು ಪೆಟ್ಟಿಗೆಯೊಳಕ್ಕೆ ತರದೆ, ಪ್ರಮಾಣೀಕರಣ ಸಂಸ್ಥೆಯ ಮೊಹರುಳ್ಳ 15 ವೋಲ್ಟಿನ ಅಡಾಪ್ಟರನ್ನು ಹೊರಗಿಟ್ಟು, ಒಳಗೆ ಧನ ಋಣಗಳನ್ನು ಹುಟ್ಟಿಸುವ ಸಿದ್ಧ ಬೋರ್ಡನ್ನು ಅಳವಡಿಸುವುದು. ಬೆಂಗಳೂರಿನ ಎಸ್. ಪಿ. ರಸ್ತೆಯಲ್ಲಿ ಟ್ರಾನ್ಸ್‌ಫಾರ್ಮರು, ಹೀಟ್‌ಸಿಂಕು, ರೆಗ್ಯುಲೇಟರುಗಳೆಲ್ಲ ದೊರೆಯುವುದರಿಂದ ಸ್ವಹಸ್ತದಿಂದ ಲೀನಿಯರ್ ಸಪ್ಲೈ ಕಟ್ಟುವ ಆಸೆ ಸಹಜವೇ. ಆದರೆ ಅದು ಎರಡನೆಯ ಪೆಟ್ಟಿಗೆಯ ಕೆಲಸ.

ಎಷ್ಟು ಶಕ್ತಿಯದನ್ನು ಕೊಳ್ಳಬೇಕೆಂಬುದು ಕೂಡಿಸುವ ಲೆಕ್ಕ. ಪ್ರತಿಯೊಂದು ಘಟಕದ ವಿವರಪತ್ರದಲ್ಲಿ ಅದು ಸೆಳೆಯುವ ಮಿಲಿಆಂಪಿಯರನ್ನು ನಮೂದಿಸಿರುತ್ತಾರೆ. ಧನ 12, ಋಣ 12, ಧನ 5 ಇವನ್ನು ಮೂರು ಬೇರೆ ಕಾಲಮ್ಮುಗಳಾಗಿ ಕೂಡಿ, ಮೂರನೆಯ ಒಂದು ಪಾಲನ್ನು ಮೀಸಲಾಗಿ ಸೇರಿಸಬೇಕು. ಮೀಸಲು ಮುಂದೆ ಕೊಳ್ಳಲಿರುವ ಘಟಕಗಳಿಗಷ್ಟೇ ಅಲ್ಲ. ಸ್ವಿಚ್ಚು ಒತ್ತಿದ ಕ್ಷಣದಲ್ಲಿ ಎಲ್ಲ ಘಟಕಗಳ ಕಪಾಸಿಟರುಗಳೂ ಒಟ್ಟಿಗೆ ತುಂಬಿಕೊಳ್ಳಲು ತವಕಿಸುವುದರಿಂದ, ಇಕ್ಕಟ್ಟಿನ ಸಪ್ಲೈಯು ಅದನ್ನು ಶಾರ್ಟ್ ಸರ್ಕೀಟೆಂದೇ ಬಗೆದು, ಏಳುವುದು ಬೀಳುವುದು ಮಾಡುತ್ತ ಕೆಲಸವನ್ನು ಆರಂಭಿಸುವುದೇ ಇಲ್ಲ.

230 ವೋಲ್ಟು ಪೆಟ್ಟಿಗೆಯೊಳಗೆ ಬರುವುದಾದರೆ, ಅದು ಪ್ರಾಣದ ವಿಷಯವೆಂಬುದನ್ನು ಒಂದು ಕ್ಷಣವೂ ಮರೆಯಲಾಗದು. ಒಳಗೆ ಬರುವ ಸಾಕೆಟ್ಟಿನಲ್ಲಿಯೇ ಫೇಸ್ ತಂತಿಗೆ ಫ್ಯೂಸಿರಬೇಕು; ಸ್ವಿಚ್ಚು ಫೇಸನ್ನೂ ನ್ಯೂಟ್ರಲನ್ನೂ ಒಟ್ಟಿಗೆ ಕಡಿಯುವಂಥದಾಗಿರಬೇಕು; ತೆರೆದ ಟರ್ಮಿನಲ್ಲುಗಳೆಲ್ಲಕ್ಕೂ ಸ್ಲೀವು ತೊಡಿಸಿ, ಕೈ ಹೋಗದಂತೆ ಗಟ್ಟಿಯಾದ ಮುಚ್ಚಳ ಹಾಕಿರಬೇಕು. ಅರ್ಥ್ ತಂತಿಯು ಪೆಟ್ಟಿಗೆಯ ಲೋಹದ ಭಾಗಗಳೆಲ್ಲವನ್ನೂ ಬೋಲ್ಟಿನಿಂದ ಬಿಗಿಯಾಗಿ ಹಿಡಿದಿರಬೇಕು. ಹಮ್ ಎಂಬ ಗುಂಯ್‌ಗುಟ್ಟುವಿಕೆಯನ್ನು ತೊಲಗಿಸಲೆಂದು ಅರ್ಥ್ ತಂತಿಯನ್ನು ಕಿತ್ತುಹಾಕುವವರಿದ್ದಾರೆ. ಅದು ಯಾವ ಕಾರಣಕ್ಕೂ ಕೂಡದು. ನಮ್ಮಲ್ಲಿ ಅನೇಕ ಹಳೆಯ ಮನೆಗಳ ಸಾಕೆಟ್ಟಿನಲ್ಲಿ ಮೂರನೆಯ ತೂತಿದ್ದರೂ ಅದರ ಹಿಂದೆ ಅರ್ಥ್ ಇರುವುದಿಲ್ಲವಾದ್ದರಿಂದ, ಎಲೆಕ್ಟ್ರಿಶಿಯನ್ನಿನಿಂದ ಅದನ್ನು ಪರೀಕ್ಷಿಸಿಕೊಂಡೇ ಮುಂದುವರಿಯತಕ್ಕದ್ದು. ಸ್ವಿಚಿಂಗ್ ಸಪ್ಲೈಯ ಒಳಗಿನ ಕಪಾಸಿಟರು 325 ವೋಲ್ಟಿನ ತನಕ ತುಂಬಿಕೊಂಡಿದ್ದು, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಅದನ್ನು ಹಿಡಿದಿಟ್ಟುಕೊಳ್ಳಬಲ್ಲುದು.

ಘಟಕಕ್ಕೂ ಬಸ್‌ಬೋರ್ಡಿಗೂ ನಡುವೆ ಇರುವ ಚಪ್ಪಟೆ ಕೇಬಲ್ಲಿನ ಅಂಚಿನಲ್ಲಿ ಕೆಂಪು ಗೆರೆಯೊಂದಿರುತ್ತದೆ. ಕೆಂಪೆಂದರೆ ಧನವೆಂಬ ರೂಢಿ ನಮ್ಮ ಮನಸ್ಸಿನಲ್ಲಿ ಬೇರೂರಿದೆ. ಇಲ್ಲಿಯಾದರೋ ಅದು ಋಣ 12 ವೋಲ್ಟಿನ ಗುರುತು. ಹತ್ತು ಪಿನ್ನಿನ ಕನೆಕ್ಟರನ್ನು ತಿರುಗುಮುರುಗಾಗಿ ಸಿಕ್ಕಿಸಿದರೆ ಧನ ಋಣಗಳು ಅದಲುಬದಲಾಗುವುವು. ಹದಿನಾರು ಪಿನ್ನಿನದನ್ನು ಒಂದು ಸಾಲು ಜಾರಿಸಿ ಸಿಕ್ಕಿಸಿದರೂ ಅನರ್ಥವೇ. ಡಯೋಡುಗಳಿಂದ ರಕ್ಷಣೆ ಪಡೆದ ಘಟಕಗಳು ಉಳಿದುಕೊಂಡಾವು. ರಕ್ಷಣೆ ಇಲ್ಲದವುಗಳ ಐಸಿಗಳು ಕ್ಷಣಾರ್ಧದಲ್ಲಿ ಸುಟ್ಟುಹೋಗುವುವು. ಸುತ್ತಲೂ ಗೋಡೆಯಿದ್ದು ಒಂದು ಕಡೆ ಮಾತ್ರ ಸೀಳಿರುವ ಕನೆಕ್ಟರುಗಳನ್ನುಳ್ಳ ಬಸ್‌ಬೋರ್ಡನ್ನೇ ಕೊಂಡರೆ ಈ ಅಪಾಯ ಬಹಳ ಮಟ್ಟಿಗೆ ತಪ್ಪುತ್ತದೆ. ಆದರೂ ಘಟಕದ ಹಿಂಬದಿಯಲ್ಲಿ ಕೆಂಪು ಗೆರೆಯ ಸ್ಥಾನವನ್ನು ಅಚ್ಚು ಮಾಡಿರುವುದನ್ನು ಪ್ರತಿ ಸಲವೂ ಓದಿಯೇ ಸಿಕ್ಕಿಸಬೇಕು, ಏಕೆಂದರೆ ತಯಾರಕರೆಲ್ಲರೂ ಒಂದೇ ಕ್ರಮವನ್ನು ಪಾಲಿಸಿಲ್ಲ.

ತಂತಿಗಳೆಲ್ಲ ಕೂಡಿದ ಮೇಲೆ, ಒಂದು ಘಟಕವನ್ನೂ ಸಿಕ್ಕಿಸದೆ ಸ್ವಿಚ್ಚು ಹಾಕಿ, ಪ್ರತಿ ಬೋರ್ಡಿನ ಮೇಲೂ ಮೂರು ವೋಲ್ಟೇಜುಗಳನ್ನು ಮಲ್ಟಿಮೀಟರಿನಿಂದ ಪರೀಕ್ಷಿಸಬೇಕು. ಸರಿಯಾಗಿದ್ದರೆ, ಆರಿಸಿ, ಅಗ್ಗವಾದ ಘಟಕವೊಂದನ್ನು ಸೇರಿಸಿ ಮತ್ತೆ ನೋಡಬೇಕು. ಹೀಗೆ ಒಂದೊಂದಾಗಿ ಎಲ್ಲವೂ ಬಂದು ಕುಳಿತು, ಅರ್ಧ ಗಂಟೆಯಷ್ಟು ಹೊತ್ತು ನುಡಿಸಿ ವಾದ್ಯವು ತನ್ನ ಕಾವಿಗೆ ಬಂದ ಮೇಲೆ, ಮೀಟರನ್ನು ಮಿಲಿವೋಲ್ಟಿನ ಮಾಪಕಕ್ಕೆ ತಿರುಗಿಸಿ, ಒಂದು ಮೊನೆಯನ್ನು ಪವರ್ ಸಪ್ಲೈಯ ಶೂನ್ಯದ ಟರ್ಮಿನಲ್ಲಿಗೂ ಇನ್ನೊಂದನ್ನು ಅತಿ ದೂರದ ಬೋರ್ಡಿನ ಕಟ್ಟಕಡೆಯ ಶೂನ್ಯದ ಪಿನ್ನಿಗೂ ಮುಟ್ಟಿಸಬೇಕು. ಮೂರು ನಾಲ್ಕು ಮಿಲಿವೋಲ್ಟಿನೊಳಗೆ ನಿಂತರೆ ಕೆಲಸ ಚೆನ್ನಾಗಿ ಆಗಿದೆ. ಹತ್ತನ್ನು ದಾಟಿದರೆ, ಅಥವಾ ದೀಪಗಳ ಮಿನುಗಿಗೆ ಸರಿಯಾಗಿ ಅಂಕೆ ಕುಣಿಯುತ್ತಿದ್ದರೆ, ಸ್ವಿಚ್ಚು ಆರಿಸಿ, ಪ್ಲಗ್ ಕಿತ್ತು, ಆ ಎರಡು ಬಿಂದುಗಳ ನಡುವೆ ಎರಡೂವರೆ ಚದರ ಮಿಲಿಮೀಟರಿನ ಇನ್ನೊಂದು ತಂತಿಯನ್ನು ಬಿಗಿದು, ಮತ್ತೆ ಅಳೆಯಬೇಕು.