ಅಟ್ಟದ ಮೇಲಿನ ರೂಟರ್‌ಗೆ ಹೊಸ ಕೆಲಸ

ನರಸಾಪುರ ಅಂದ್ರೆ ಈಗ ಐಫೋನ್ ಜೋಡಿಸೋ ಊರು. ಆದ್ರೆ ಇದೇ ಊರಲ್ಲಿ ವೈಫೈ ಹಾಲ್‌ನಲ್ಲಿ, ಟೀವಿ ಹಿಂದಿನ ಕೋಣೆಯಲ್ಲಿ ಇದ್ರೆ, ಸಿನಿಮಾ ಬದಲು ಚಕ್ರ ತಿರುಗೋದನ್ನೇ ನೋಡ್ಬೇಕು. ಮಧ್ಯೆ ಹಳೇ ಕಲ್ಲುಗೋಡೆ ಇದ್ರಂತೂ ಕೇಳೋದೇ ಬೇಡ.

ಅಟ್ಟದ ಮೇಲೆ ಹಳೇ ರೂಟರ್ ಇದೆಯಾ? ಇಳಿಸಿ, ಮನೆ ವೈಫೈ ಹಿಡಿದು ಟೀವಿಗೆ ಕೇಬಲ್‌ನಲ್ಲಿ ಕೊಡೋ ಕೆಲಸಕ್ಕೆ ಹಚ್ಚೋಣ. ರೀಸೆಟ್ ತೂತಿಗೆ ಪಿನ್ ಹಾಕಿ ಹತ್ತು ಸೆಕೆಂಡ್ ಒತ್ತಿ ಹಿಡೀರಿ. ಫೋನನ್ನ ಅದರ ವೈಫೈಗೆ ಸೇರಿಸಿ, ತಳದಲ್ಲಿ ಅಂಟಿಸಿರೋ ವಿಳಾಸ ಬ್ರೌಸರ್‌ನಲ್ಲಿ ಹೊಡೀರಿ. ಒಳಗೆ 'ಕ್ಲೈಂಟ್' ಅಥವಾ 'ಬ್ರಿಡ್ಜ್' ಮೋಡ್ ಹುಡುಕಿ, ಮನೆ ವೈಫೈ ಹೆಸರು, ಪಾಸ್‌ವರ್ಡ್ ಕೊಡಿ. ಕೆಲವು ರೂಟರ್‌ಗಳಲ್ಲಿ ಈ ಮೋಡೇ ಇರಲ್ಲ, ಮೊದಲೇ ನೋಡ್ಕೊಳ್ಳಿ.

ಬಹಳ ಜನ ಎಡವೋದು ಇಲ್ಲಿ. ಎರಡೂ ರೂಟರ್‌ಗೆ ಒಂದೇ ವಿಳಾಸ ಇದ್ರೆ ಜಗಳ. ಒಂದೇ ಬೀದಿಯಲ್ಲಿ ಒಂದೇ ಡೋರ್ ನಂಬರಿನ ಎರಡು ಮನೆ ಇದ್ರೆ ಪೋಸ್ಟ್‌ಮ್ಯಾನ್ ಪಾಡೇನು? ಮುಖ್ಯ ರೂಟರ್ 192.168.1.1 ಆದ್ರೆ, ಹಳೇದಕ್ಕೆ 192.168.1.2 ಕೊಡಿ. ಅದರ ಡಿಎಚ್‌ಸಿಪಿ ಆಫ್ ಮಾಡಿ. ವಿಳಾಸ ಹಂಚೋ ಯಜಮಾನ ಮನೆಗೊಬ್ಬನೇ ಸಾಕು!

ಈಗ ಅದರ ಲ್ಯಾನ್ ಪೋರ್ಟ್‌ನಿಂದ ಟೀವಿಗೊಂದು, ಸೆಟ್‌ಟಾಪ್ ಬಾಕ್ಸ್‌ಗೊಂದು, ಪ್ಲೇಸ್ಟೇಷನ್‌ಗೊಂದು ಕೇಬಲ್. ವೈಫೈ ಇಲ್ಲದ, ಬರೀ ಲ್ಯಾನ್ ಇರೋ ಹಳೇ ಡಬ್ಬಾನೂ ನೆಟ್‌ಗೆ ಬಂತು.

ರೂಟರನ್ನ ಟೀವಿ ಹಿಂದೆ ಅಡಗಿಸಬೇಡಿ. ಎತ್ತರದಲ್ಲಿ, ಬಾಗಿಲ ನೇರಕ್ಕಿಡಿ. ವೈಫೈ ಬ್ಯಾಂಡ್ ಆರಿಸೋವಾಗ ವೇಗಕ್ಕೆ 5 ಗಿಗಾಹರ್ಟ್ಸ್, ಗೋಡೆ ದಾಟೋಕೆ 2.4. ನಮ್ಮ ಕಲ್ಲುಗೋಡೆಗೆ ನಾನಂತೂ 2.4 ಅಂತೀನಿ.