ರಂಗನ ದ್ವೀಪ, ಮೊಸಳೆಯ ತಿಟ್ಟು

ಬೆಂಗಳೂರಿನ ಹೊಸ ತಿಪ್ಪಸಂದ್ರದ ಪೇಟೆಬೀದಿಯಲ್ಲಿ ಸಂಜೆಯ ಹೊತ್ತು ಸೊಪ್ಪು ತರಕಾರಿ ಕೊಳ್ಳುತ್ತ ನಿಂತ ಗೃಹಸ್ಥನೊಬ್ಬನನ್ನು ತಡೆದು, ನೀವು ನಿಂತಿರುವ ಈ ನಗರಭಾಗಕ್ಕೂ ನೂರಿಪ್ಪತ್ತಕ್ಕೂ ಮಿಕ್ಕ ಕಿಲೋಮೀಟರುಗಳಾಚೆ ಕಾವೇರಿಯ ಎರಡು ಕವಲುಗಳ ನಡುವೆ ಇರುವ ಒಂದು ಸಣ್ಣ ದ್ವೀಪಕ್ಕೂ ಹಳೆಯ ನಂಟುಂಟು ಎಂದರೆ, ಆತ ನಕ್ಕು ಮುಂದಿನ ಅಂಗಡಿಗೆ ನಡೆದಾನು. ಆದರೆ ನಂಟು ಇದ್ದೇ ಇದೆ. ಅದನ್ನು ಬೆಸೆದದ್ದು ಚಳಿಜ್ವರ. 1799ರ ಮೇ 4ರಂದು ಶ್ರೀರಂಗಪಟ್ಟಣವನ್ನು ಗೆದ್ದ ಇಂಗ್ಲಿಷ್ ಸೇನೆ ಕೆಲವು ವರ್ಷ ಅಲ್ಲಿಯೇ ತಳವೂರಿ, ದ್ವೀಪದ ಜೌಗು ಹವೆಗೂ ಸೊಳ್ಳೆಗಳಿಗೂ ಸಿಪಾಯಿಗಳನ್ನು ಬಲಿಗೊಟ್ಟು ಬೇಸತ್ತು, ಕಡೆಗೆ 1809ರಲ್ಲಿ ತನ್ನ ನೆಲೆಯನ್ನು ಹಲಸೂರಿನ ಮಗ್ಗುಲ ಎತ್ತರದ ಬಯಲಿಗೆ ತಂದುಕೊಂಡಿತು. ಬೆಂಗಳೂರಿನ ದಂಡು ಹುಟ್ಟಿದ್ದು ಹೀಗೆ. ಶಿವಾಜಿನಗರ, ಹಲಸೂರು, ತರುವಾಯದ ಇಂದಿರಾನಗರ ಇವೆಲ್ಲವೂ ಆ ವಲಸೆಯ ದೂರದ ಫಲಗಳು.

ಮತ್ತೊಂದು ಕಾಕತಾಳೀಯವನ್ನೂ ಇಲ್ಲಿಯೇ ಹೇಳಿಬಿಡಬಹುದು. ತಿಪ್ಪಸಂದ್ರವೆಂಬ ಹಳ್ಳಿಯ ನೆರೆಯಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಸ್ಥಾಪನೆಯಾಗಿ, ಅದರ ಸೈರನ್ನಿನ ಕೂಗಿಗೆ ಏಳುವ ಸಹಸ್ರಾರು ಸಂಸಾರಗಳು ಸುತ್ತ ನೆಲೆಸುವುದಕ್ಕೆ ಬುನಾದಿ ಬಿದ್ದದ್ದು 1940ರಲ್ಲಿ. ಅದೇ 1940ರಲ್ಲಿ ಶ್ರೀರಂಗಪಟ್ಟಣದ ನೆರೆಯ ಕೆಲವು ನಡುಗಡ್ಡೆಗಳು ರಂಗನತಿಟ್ಟು ಪಕ್ಷಿಧಾಮವೆಂದು ಘೋಷಿತವಾದವು. ಒಂದೆಡೆ ಲೋಹದ ಹಕ್ಕಿಗಳಿಗೆ ಗೂಡು ಕಟ್ಟಿದ ವರ್ಷದಲ್ಲಿಯೇ ಇನ್ನೊಂದೆಡೆ ನಿಜದ ಹಕ್ಕಿಗಳ ಗೂಡಿಗೆ ಕಾವಲು ಬಂದಿತು. ಮತ್ತು ಆ ಕಾವಲಿನ ನೆರಳಿನಲ್ಲಿ, ಯಾರೂ ವಿಶೇಷವಾಗಿ ಬೇಡಿಕೊಳ್ಳದೆ, ಮೊಸಳೆಗೂ ಆಶ್ರಯ ದೊರಕಿತು.

ಹೊರಡುವವರಿಗೆ ಹಾದಿ ಸುಗಮವಾಗಿದೆ. ಇಂದಿರಾನಗರದಲ್ಲಿ ಮೆಟ್ರೊ ಹತ್ತಿ ಊರನ್ನು ಪೂರ್ವದಿಂದ ಪಶ್ಚಿಮಕ್ಕೆ ದಾಟಿ, ಮೈಸೂರು ರಸ್ತೆಯ ಕಡೆ ಇಳಿದು ಬಸ್ಸು ಹಿಡಿಯಬಹುದು. ಹೊಸ ಹೆದ್ದಾರಿ ಪಟ್ಟಣವನ್ನು ಬಳಸಿಕೊಂಡು ಹೋಗುವುದರಿಂದ, ಊರೊಳಗೆ ನಿಲ್ಲುವ ಬಸ್ಸು ಹೌದೇ ಎಂದು ಕಂಡಕ್ಟರನ್ನು ಕೇಳಿ ಹತ್ತುವುದು ಕ್ಷೇಮ. ರೈಲೇ ಪ್ರಿಯವೆನ್ನುವವರಿಗೆ ಮೈಸೂರಿನ ಹಾದಿಯ ಹಲವು ಗಾಡಿಗಳು ಶ್ರೀರಂಗಪಟ್ಟಣದಲ್ಲಿ ನಿಲ್ಲುತ್ತವೆ, ಮತ್ತು ಅವು ನದಿಯನ್ನು ದಾಟುವ ಸೇತುವೆಯ ಮೇಲಿಂದಲೇ ದ್ವೀಪದ ಮೊದಲ ದರ್ಶನವಾಗುತ್ತದೆ.

ಐದು ಕಿಲೋಮೀಟರ್ ಉದ್ದ, ಒಂದೂವರೆ ಕಿಲೋಮೀಟರ್ ಅಗಲದ ಈ ನೆಲದ ತುಂಡು ತನ್ನ ಗಾತ್ರಕ್ಕೆ ಮೀರಿದ ಚರಿತ್ರೆಯನ್ನು ಹೊತ್ತಿದೆ. ಗಂಗರ ಕಾಲದಲ್ಲಿ ತಿರುಮಲಯ್ಯನೆಂಬ ಸಾಮಂತ ರಂಗನಾಥನ ಗುಡಿಯನ್ನು ಕಟ್ಟಿಸಿದನೆಂದು ಹೇಳುತ್ತಾರೆ. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಪಟ್ಟಣವನ್ನು ವಶಪಡಿಸಿಕೊಂಡು ಅಲ್ಲಿಯೇ ನವರಾತ್ರಿಯ ಉತ್ಸವವನ್ನು ಆರಂಭಿಸಿದರು. ಹೈದರಾಲಿ ಮತ್ತು ಟಿಪ್ಪುಸುಲ್ತಾನರ ಕಾಲಕ್ಕೆ ಅದು ದಕ್ಷಿಣ ಭಾರತದ ರಾಜಕೀಯದ ಕೇಂದ್ರಬಿಂದುವಾಯಿತು. ಕಾವೇರಿಯ ಮೂರು ರಂಗಕ್ಷೇತ್ರಗಳಲ್ಲಿ ಇದು ಆದಿರಂಗ. ಶಿವನಸಮುದ್ರ ಮಧ್ಯರಂಗ, ತಮಿಳುನಾಡಿನ ಶ್ರೀರಂಗ ಅಂತ್ಯರಂಗ. ಮೂರೂ ನದಿಯ ದ್ವೀಪಗಳೇ ಎಂಬುದು ಗಮನಾರ್ಹ. ಗರ್ಭಗೃಹದ ಮಂದ ಬೆಳಕಿನಲ್ಲಿ ಸ್ವಾಮಿ ಏಳು ಹೆಡೆಯ ಆದಿಶೇಷನ ಸುರುಳಿಗಳ ಮೇಲೆ ಪವಡಿಸಿದ್ದಾನೆ. ಸರೀಸೃಪಗಳನ್ನು ಉಳಿಸುವ ಮಾತು ಇಂದು ನಮಗೆ ಹೊಸದಾಗಿ ಕೇಳಿಸಿದರೂ, ಈ ದ್ವೀಪದ ಒಡೆಯ ಸಹಸ್ರ ವರ್ಷಗಳಿಂದ ಹಾವನ್ನೇ ಹಾಸಿಗೆಯಾಗಿ ಮಾಡಿಕೊಂಡಿರುವುದನ್ನು ಕಂಡು ಬಂದವರಿಗೆ, ಮುಂದೆ ನೋಡಲಿರುವುದು ಪೂರ್ತಿ ಅಪರಿಚಿತವಾಗಲಾರದು.

ಕೋಟೆಯ ಹೊರಗೆ, ಗಂಜಾಂ ಕಡೆಗೆ ಹೋಗುವ ದಾರಿಯಲ್ಲಿ ದರಿಯಾ ದೌಲತ್ ಬಾಗ್ ಇದೆ. ಟಿಪ್ಪು 1784ರಲ್ಲಿ ಕಟ್ಟಿಸಿದ ಈ ಬೇಸಗೆಯರಮನೆ ಬಹುಮಟ್ಟಿಗೆ ತೇಗದ ಮರದ್ದು. ಎತ್ತರದ ಜಗತಿಯ ಮೇಲೆ ನಿಂತು, ನಾಲ್ಕು ಕಡೆಯೂ ಕಂಬಗಳ ಪಡಸಾಲೆಯನ್ನು ಹೊಂದಿರುವ ಆ ಕಟ್ಟಡದಲ್ಲಿ ಬಣ್ಣ ತಾಗದ ಅಂಗುಲ ಜಾಗವನ್ನು ಹುಡುಕುವುದು ಕಷ್ಟ. ಕಂಬ, ಬೋದಿಗೆ, ಕಮಾನು, ಚಾವಣಿ ಎಲ್ಲೆಡೆಯೂ ಬಳ್ಳಿ, ಹೂವು, ಎಲೆಗಳ ಚಿತ್ತಾರ ಹಬ್ಬಿದೆ. 1959ರಿಂದ ಇದು ಕೇಂದ್ರ ಪುರಾತತ್ತ್ವ ಇಲಾಖೆಯ ಟಿಪ್ಪುಸುಲ್ತಾನ್ ವಸ್ತುಸಂಗ್ರಹಾಲಯ. ಒಳಗೆ ನಾಣ್ಯಗಳೂ ಆಯುಧಗಳೂ ಪಾಶ್ಚಾತ್ಯ ಚಿತ್ರಕಾರರು ಬರೆದ ಪೆನ್ಸಿಲ್ ರೇಖಾಚಿತ್ರಗಳೂ ಇವೆ. ಆದರೆ ನೋಡುವವನ ಸಮಯವನ್ನೆಲ್ಲ ಕಸಿದುಕೊಳ್ಳುವುದು ಪಡುವಣ ಗೋಡೆಯ ಯುದ್ಧಚಿತ್ರ.

1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಸಮೀಪ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪುವಿನ ಸೇನೆ ಇಂಗ್ಲಿಷರ ಕರ್ನಲ್ ಬೇಲಿಯ ಪಡೆಯನ್ನು ಧೂಳೀಪಟ ಮಾಡಿದ ಪ್ರಸಂಗ ಅದು. ಬಿಸಿಲಿಗೆ ಅಡ್ಡವಾಗಿ ಇಳಿಬಿಟ್ಟ ಪರದೆಗಳ ಹಸಿರು ಛಾಯೆಯಲ್ಲಿ ಗೋಡೆಗೆ ಒಂದು ಮಾರು ದೂರ ನಿಂತು ನೋಡಿದರೆ, ಮೊದಲು ಕಾಣುವುದು ಬರಿಯ ಗದ್ದಲ: ಒಂದರ ಮೇಲೊಂದು ಸಾಲುಗಟ್ಟಿದ ಕುದುರೆಗಳು, ಬಾಗಿದ ಕತ್ತಿಗಳು, ರುಂಡಗಳು. ಕಣ್ಣು ಪಳಗಿದ ಮೇಲೆ ಕೆಂಪಂಗಿಯ ಸಿಪಾಯಿಗಳು ಚೌಕಾಕಾರವಾಗಿ ನಿಂತಿರುವುದೂ, ಆ ಚೌಕದ ನಡುವೆ ಮದ್ದಿನ ಬಂಡಿ ಸಿಡಿದು ಎಲ್ಲರೂ ತತ್ತರಿಸಿರುವುದೂ, ಪಲ್ಲಕ್ಕಿಯೊಳಗೆ ಕುಳಿತ ಬೇಲಿ ದಿಗಿಲಿನಿಂದ ಬೆರಳು ಕಚ್ಚಿಕೊಂಡಿರುವುದೂ ಒಂದೊಂದಾಗಿ ಹೊರಬೀಳುತ್ತವೆ. ಗೆದ್ದವರು ಮಾತ್ರ ಆನೆಗಳ ಮೇಲೆ ತೋಟದಲ್ಲಿ ವಿಹರಿಸುವವರಂತೆ ನಿಶ್ಚಿಂತರು.

ಈ ಚಿತ್ರದ ಸ್ವಂತ ಚರಿತ್ರೆಯೂ ಯುದ್ಧದಷ್ಟೇ ಸ್ವಾರಸ್ಯವುಳ್ಳದ್ದು. ಪಟ್ಟಣಕ್ಕೆ ಮುತ್ತಿಗೆ ಬೀಳುವ ಮುನ್ನವೇ ಅದನ್ನು ಅಳಿಸಲಾಗಿತ್ತು. ಪಟ್ಟಣ ಬಿದ್ದ ಮೇಲೆ ಇದೇ ಅರಮನೆಯಲ್ಲಿ ವಾಸಮಾಡಿದ ಇಂಗ್ಲಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ, ತನ್ನವರ ಸೋಲಿನ ಚಿತ್ರವೆಂಬುದನ್ನು ಲೆಕ್ಕಿಸದೆ, ಅದನ್ನು ಮತ್ತೆ ಬರೆಯಿಸಿದ. ಕಾಲಾಂತರದಲ್ಲಿ ಅದು ಪುನಃ ಮಾಸಿಹೋಗಲು, ಗವರ್ನರ್ ಜನರಲ್ ಡಾಲ್‌ಹೌಸಿ, ಮೂಲವನ್ನು ಕಂಡು ನೆನಪಿನಲ್ಲಿಟ್ಟುಕೊಂಡಿದ್ದ ಒಬ್ಬ ದೇಶೀಯ ಚಿತ್ರಕಾರನ ಕೈಯಿಂದ ಇನ್ನೊಮ್ಮೆ ಬರೆಯಿಸಿದ. ಆ ಚಿತ್ರಕಾರನ ಹೆಸರನ್ನು ಯಾರೂ ಗೋಡೆಯ ಮೇಲೆ ಬರೆಯಲಿಲ್ಲ. ನಾವು ಇಂದು ಟಿಪ್ಪುವಿನ ಕಾಲದ ಚಿತ್ರವೆಂದು ಬೆರಗಿನಿಂದ ನೋಡುವುದು ಹೀಗೆ ಅಳಿದು, ಬರೆದು, ಮಾಸಿ, ಮತ್ತೆ ಬರೆದ ಚಿತ್ರ. ಪರಂಪರೆಯೆಂಬುದು ತಾನಾಗಿ ಉಳಿದು ಬಂದ ನಿಧಿಯೆಂಬ ನಮ್ಮ ಸುಖದ ನಂಬಿಕೆಯನ್ನು ಈ ಒಂದು ಗೋಡೆಯೇ ಅಲ್ಲಗಳೆಯುತ್ತದೆ.

ಅಲ್ಲಿಂದ ನದಿಯ ಮೇಲ್ಗಡೆಗೆ ನಾಲ್ಕು ಕಿಲೋಮೀಟರ್‌ಗಳಷ್ಟು ಹೋದರೆ ರಂಗನತಿಟ್ಟು. ಇಲ್ಲಿಯ ನಡುಗಡ್ಡೆಗಳು ಸೃಷ್ಟಿಯ ಆದಿಯಿಂದ ಇದ್ದವಲ್ಲ. 1645ರಿಂದ 1648ರವರೆಗಿನ ಅವಧಿಯಲ್ಲಿ ಕಂಠೀರವ ನರಸರಾಜ ಒಡೆಯರು ಹೊಲಗದ್ದೆಗಳಿಗೆ ನೀರುಣಿಸುವುದಕ್ಕೋಸ್ಕರ ಕಾವೇರಿಗೆ ಅಡ್ಡಲಾಗಿ ಕಟ್ಟೆ ಹಾಕಿಸಿದಾಗ, ನೀರು ಹಿಂದಕ್ಕೆ ನಿಂತು, ತಗ್ಗಿನ ಭೂಮಿ ಮುಳುಗಿ, ಎತ್ತರದ ಭಾಗಗಳು ತಿಟ್ಟುಗಳಾಗಿ ಉಳಿದವು. ಅರಸರ ಚಿತ್ತದಲ್ಲಿದ್ದದ್ದು ಬತ್ತದ ಪೈರು. ಫಲವಾಗಿ ಬಂದದ್ದು ಕೊಕ್ಕರೆಗಳ ಸಂಸಾರ. ಸುಮಾರು ಮುನ್ನೂರು ವರ್ಷಗಳ ತರುವಾಯ ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆಗೆ ಬಂದ ಸಲೀಂ ಅಲಿ ಇಲ್ಲಿಯ ಗೂಡುಗಳನ್ನು ಕಂಡು, ಇದನ್ನು ರಕ್ಷಿಸಬೇಕೆಂದು ಅರಸರಿಗೆ ಮನವರಿಕೆ ಮಾಡಿಕೊಟ್ಟರು. 2022ರ ಫೆಬ್ರವರಿ 15ರಂದು ಇದು ರಾಮ್ಸಾರ್ ಪಟ್ಟಿಗೆ ಸೇರಿ, ಅಂತರರಾಷ್ಟ್ರೀಯ ಮಹತ್ತ್ವದ ಜೌಗುಪ್ರದೇಶವೆನಿಸಿದ ಕರ್ನಾಟಕದ ಮೊದಲ ತಾಣವಾಯಿತು.

ಹುಟ್ಟುಹಾಕುವ ದೋಣಿಯಲ್ಲಿ ಕುಳಿತವರ ಕಣ್ಣು ಸಹಜವಾಗಿಯೇ ಮೇಲಕ್ಕೆ ಹೋಗುತ್ತದೆ: ಬಣ್ಣದ ಕೊಕ್ಕರೆ, ಬಾಯ್ಕಳಕ, ಬಿಳಿ ಕೆಂಬರಲು, ಚಮಚದ ಕೊಕ್ಕಿನವು, ಹೆಜ್ಜಾರ್ಲೆ. ದೋಣಿ ನಡೆಸುವಾತ ಹುಟ್ಟನ್ನು ನೀರಿನಿಂದೆತ್ತಿ, ಮಾತಾಡದೆ ಒಂದು ಬಂಡೆಯ ಕಡೆ ಗದ್ದ ತಿರುಗಿಸಿದಾಗ ಮಾತ್ರ ಕೆಳಗೆ ನೋಡುವ ಬುದ್ಧಿ ಬರುತ್ತದೆ. ಹಕ್ಕಿಗಳ ಹಿಕ್ಕೆಯಿಂದ ಬೆಳ್ಳಗಾದ ಆ ಬಂಡೆಯ ಮೇಲೆ ಹಲಸಿನ ಸಿಪ್ಪೆಯಂತೆ ಮುಳ್ಳುಮುಳ್ಳಾದ ಬೆನ್ನಿನ, ಮೂರು ಮೀಟರ್ ಉದ್ದದ ಮೊಸಳೆ ಬಾಯಿ ತೆರೆದು ಮಲಗಿದೆ. ಅದು ಹಸಿವಿನ ಬಾಯಲ್ಲ. ಚರ್ಮದಲ್ಲಿ ಬೆವರುವ ಶಕ್ತಿಯಿಲ್ಲದ ಪ್ರಾಣಿ ಬಿಸಿಲು ಕಾಯುತ್ತಿರುವಾಗ ತಲೆಯ ತಾಪವನ್ನು ಹೊರಹಾಕುವ ಉಪಾಯ ಅದು. ದೋಣಿ ತುಸು ಹತ್ತಿರವಾದಾಗ ಕಣ್ಣಿನ ಮೇಲೆ ಪಾರದರ್ಶಕವಾದ ಒಂದು ಪೊರೆ ಅಡ್ಡಡ್ಡವಾಗಿ ಸರಿದು ಹಿಂದಕ್ಕೆ ಹೋಗುತ್ತದೆ. ಮಿಕ್ಕ ಶರೀರದಲ್ಲಿ ಚಲನೆಯೇ ಇಲ್ಲ.

ಇದು ಸಿಹಿನೀರಿನ ಅಗಲ ಮೂತಿಯ ಮೊಸಳೆ, ಮಗ್ಗರ್ ಎಂದು ಪ್ರಸಿದ್ಧವಾದದ್ದು. ಬೇಸಗೆಯ ಮೊದಲಲ್ಲಿ ಹೆಣ್ಣು ದಂಡೆಯ ಮರಳಿನಲ್ಲಿ ಗುಳಿ ತೋಡಿ ಇಪ್ಪತ್ತೈದು ಮೂವತ್ತು ಮೊಟ್ಟೆಗಳನ್ನಿಟ್ಟು ಮುಚ್ಚುತ್ತದೆ. ಎರಡು ತಿಂಗಳ ಆಸುಪಾಸಿನಲ್ಲಿ ಮರಿಗಳು ಇನ್ನೂ ಚಿಪ್ಪಿನೊಳಗಿರುವಾಗಲೇ ಕೂಗಿಡುತ್ತವೆ, ತಾಯಿ ಆ ದನಿ ಕೇಳಿ ಮರಳು ಕೆದರಿ, ಯಾವ ಬಾಯಿಯನ್ನು ಕಂಡರೆ ಜಗತ್ತು ನಡುಗುವುದೋ ಅದೇ ಬಾಯಲ್ಲಿ ಅವನ್ನು ಎತ್ತಿಕೊಂಡು ನೀರಿಗೆ ಬಿಡುತ್ತದೆ. ಮರಿ ಗಂಡಾಗುವುದೋ ಹೆಣ್ಣಾಗುವುದೋ ಎಂಬುದನ್ನು ನಿರ್ಣಯಿಸುವುದು ಮರಳಿನ ಶಾಖ: ಸುಮಾರು 32.5 ಡಿಗ್ರಿಯಲ್ಲಿ ಗಂಡುಗಳು ಹೆಚ್ಚು, ಅದಕ್ಕಿಂತ ತಣ್ಣಗಾದರೂ ಬಿಸಿಯಾದರೂ ಹೆಣ್ಣುಗಳು ಹೆಚ್ಚು. ದಂಡೆಯ ಮರಳನ್ನು ಲಾರಿಗೆ ತುಂಬಿ ಒಯ್ದರೆ ಹೋಗುವುದು ಮರಳೊಂದೇ ಅಲ್ಲವೆಂಬುದು ಇದರಿಂದ ವಿದಿತವಾಗುತ್ತದೆ.

ಮೇಲಿನ ಹಕ್ಕಿಗೂ ಕೆಳಗಿನ ಮೊಸಳೆಗೂ ಇರುವ ಸಂಬಂಧ ಬರಿಯ ಹಗೆತನವಲ್ಲ. ಗೂಡಿನಿಂದ ಜಾರಿಬಿದ್ದ ಮರಿ ಮೊಸಳೆಯ ಪಾಲು, ನಿಜ. ಆದರೆ ಮೊಸಳೆ ಸುತ್ತುವ ನೀರನ್ನು ಈಜಿ ಬಂದು ಗೂಡಿಗೆ ಕೈಹಾಕಲು ಕಾಡುಬೆಕ್ಕಿಗಾಗಲಿ ನಾಯಿಗಾಗಲಿ ಧೈರ್ಯ ಬರುವುದಿಲ್ಲ. ಹಿಕ್ಕೆಯಿಂದ ನೀರು ಕಸುವಾಗಿ ಮೀನು ಬೆಳೆಯುತ್ತದೆ, ಮೀನು ಇಬ್ಬರಿಗೂ ಆಹಾರವಾಗುತ್ತದೆ. ನೀರುನಾಯಿಯೂ ಮಹಶೀರ್ ಮೀನೂ ಇದೇ ಸಂಸಾರಕ್ಕೆ ಸೇರಿದವು.

ಗೋಡೆಯ ಚಿತ್ರದಂತೆ ಮೊಸಳೆಯೂ ಅಳಿಸಿಹೋಗುವ ಹಂತಕ್ಕೆ ಬಂದಿತ್ತು. ತೊಗಲಿನ ವ್ಯಾಪಾರ, ಮೊಟ್ಟೆಗಳ ಕಳವು, ಬಲೆಗಳ ಬಾಧೆ ಇವುಗಳಿಂದ ದೇಶದ ನದಿಗಳಲ್ಲಿ ಮೊಸಳೆ ವಿರಳವಾಗಿದ್ದ ಕಾಲದಲ್ಲಿ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದನ್ನು ಮೊದಲ ಅನುಸೂಚಿಗೆ ಸೇರಿಸಿತು. 1975ರಲ್ಲಿ ಭಾರತ ಸರ್ಕಾರ ವಿಶ್ವಸಂಸ್ಥೆಯ ನೆರವಿನೊಡನೆ ಮೊಸಳೆ ಸಂರಕ್ಷಣಾ ಯೋಜನೆಯನ್ನು ಕೈಗೊಂಡು, ಮೊಟ್ಟೆಗಳನ್ನು ತಂದು ಮರಿಮಾಡಿ ಬೆಳೆಸಿ ನದಿಗೆ ಬಿಡುವ ಕ್ರಮವನ್ನು ರೂಢಿಗೆ ತಂದಿತು. ಮರುವರ್ಷ ಉರಗತಜ್ಞ ರಾಮ್ಯುಲಸ್ ವಿಟೇಕರ್ ಮದ್ರಾಸಿನ ಸಮೀಪ ಕಡಲ ದಂಡೆಯಲ್ಲಿ ಮೊಸಳೆ ಬ್ಯಾಂಕನ್ನು ಸ್ಥಾಪಿಸಿದರು. ಅದೇ ವಿಟೇಕರ್ 2005ರಲ್ಲಿ ನಮ್ಮ ಆಗುಂಬೆಯಲ್ಲಿ ಮಳೆಕಾಡಿನ ಸಂಶೋಧನಾ ಕೇಂದ್ರವನ್ನು ತೆರೆದು ಕಾಳಿಂಗ ಸರ್ಪದ ಅಧ್ಯಯನಕ್ಕೆ ನಾಂದಿ ಹಾಡಿದರು. ರಂಗನತಿಟ್ಟಿಗೆ ಮೊಸಳೆ ಕೇಂದ್ರವೆಂಬ ಫಲಕವಿಲ್ಲ, ಗಾಜಿನ ಪೆಟ್ಟಿಗೆಗಳಿಲ್ಲ. ಆದರೂ ಸರೀಸೃಪವೊಂದು ತನ್ನ ಮನೆಯಲ್ಲಿಯೇ ತನ್ನ ಇಚ್ಛೆಯಂತೆ ಬದುಕುವುದನ್ನು ನೋಡುವುದಕ್ಕೆ ನಮ್ಮ ಸೀಮೆಯಲ್ಲಿ ಇದಕ್ಕಿಂತ ಸುಲಭವಾದ ಸ್ಥಳ ದುರ್ಲಭ.

ಕಾಯುವ ಕೆಲಸ ಇಲ್ಲಿಯೂ ಮುಗಿದಿಲ್ಲ. ಕನ್ನಂಬಾಡಿಯ ಕಟ್ಟೆ ತುಂಬಿ ಬಾಗಿಲು ತೆರೆದ ವರ್ಷಗಳಲ್ಲಿ ಪ್ರವಾಹ ತಿಟ್ಟುಗಳ ಅಂಚನ್ನು ಕಿತ್ತೊಯ್ಯುತ್ತದೆ, ದೋಣಿಗಳು ದಡದಲ್ಲೇ ನಿಲ್ಲುತ್ತವೆ. ನೀರಿಳಿದ ಮೇಲೆ ಅರಣ್ಯ ಇಲಾಖೆಯವರು ಮರಳಿನ ಮೂಟೆಗಳನ್ನು ಒಟ್ಟಿ, ಗಿಡ ನೆಟ್ಟು, ಒಡೆದ ಅಂಚನ್ನು ಪುನಃ ಕಟ್ಟಬೇಕಾಗುತ್ತದೆ. ದರಿಯಾ ದೌಲತ್ತಿನ ಗೋಡೆಗೆ ಮತ್ತೆ ಮತ್ತೆ ಬಣ್ಣ ಹಚ್ಚಿದ ಚಿತ್ರಕಾರನ ಕುಂಚಕ್ಕೂ ಈ ಮೂಟೆ ಹೊರುವ ಆಳುಗಳ ಭುಜಕ್ಕೂ ಕಸುಬಿನಲ್ಲಿ ವ್ಯತ್ಯಾಸವಿದೆಯೇ ಹೊರತು ಉದ್ದೇಶದಲ್ಲಿ ಇಲ್ಲ.

ನೋಡಹೋಗುವವರು ಚಳಿಗಾಲದ ಬೆಳಗನ್ನು ಆರಿಸಿಕೊಳ್ಳುವುದು ಮೇಲು. ಆಗ ಬಿಸಿಲು ಕಾಯುವ ಮೊಸಳೆಗಳು ಬಂಡೆ ಬಿಟ್ಟು ಕದಲುವುದಿಲ್ಲ, ಕೊಕ್ಕರೆಗಳ ಗೂಡುಕಟ್ಟುವ ಸಡಗರವೂ ಆರಂಭವಾಗಿರುತ್ತದೆ. ಅರಮನೆಯನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಹಿಂದಿರುಗಿದ ಮೇಲೆ ತಿಪ್ಪಸಂದ್ರದ ಖಾಲಿ ನಿವೇಶನದಲ್ಲಿ ಮಳೆ ಬಿದ್ದ ಮರುದಿನ ಕೇರೆಹಾವೊಂದು ಕಂಡರೆ, ದೊಣ್ಣೆಗೆ ಕೈಚಾಚುವ ಮುನ್ನ, ವಿಷವಿಲ್ಲದ ಅದು ನಿಮ್ಮ ಬೀದಿಯ ಇಲಿಗಳನ್ನು ತಿನ್ನುವ ಉಪಕಾರಿಯೆಂಬುದನ್ನು ನೆನೆದು, ಹಾವು ಹಿಡಿದು ಬಿಡುವವರನ್ನು ಕರೆಸಿ. ರಂಗನತಿಟ್ಟು ಹುಟ್ಟಿದ್ದು ಆಕಸ್ಮಿಕವಾಗಿ, ನೀರಾವರಿಯ ಕಟ್ಟೆಯೊಂದರ ಅನಿರೀಕ್ಷಿತ ಫಲವಾಗಿ. ಆದರೆ ಅದು ಉಳಿದದ್ದು ಆಕಸ್ಮಿಕವಾಗಿ ಅಲ್ಲ. ಚೆಲುವಾದದ್ದು ಎಷ್ಟೋ ಸಲ ಯಾರೂ ಬಯಸದೆಯೇ ಹುಟ್ಟಿಬಿಡುತ್ತದೆ. ಉಳಿಸುವುದು ಮಾತ್ರ ಪ್ರತಿಯೊಂದು ತಲೆಮಾರೂ ಬೇಕೆಂದೇ ಮಾಡಬೇಕಾದ ಕೆಲಸ.