ಮಕ್ಕಳ ಉಸಿರಾಟದ ಸೋಂಕು: ಆಂಟಿಬಯೋಟಿಕ್ ಔಷಧಿಗಳ ಎಚ್ಚರಿಕೆಯ ಬಳಕೆ

ದಾಂಡೇಲಿ, ಹಳಿಯಾಳ, ಜೋಯಿಡಾ ಹಾಗೂ ಮುಂಡಗೋಡ ತಾಲ್ಲೂಕುಗಳ ಪೋಷಕರ ಗಮನಕ್ಕೆ: ಮಕ್ಕಳ ನೆಗಡಿ, ಕೆಮ್ಮು ಬಹುತೇಕ ವೈರಾಣುವಿನಿಂದ ಉಂಟಾಗುತ್ತವೆ. ಆಂಟಿಬಯೋಟಿಕ್ ಔಷಧಿಗಳು ವೈರಾಣುಗಳನ್ನು ನಾಶಪಡಿಸುವುದಿಲ್ಲ. ಅನಗತ್ಯವಾಗಿ ನೀಡಿದಲ್ಲಿ ಬ್ಯಾಕ್ಟೀರಿಯಾಗಳು ನಿರೋಧಕ ಶಕ್ತಿ ಪಡೆಯುತ್ತವೆ. ಮುಂದೆ ನ್ಯುಮೋನಿಯಾ ಬಂದಾಗ ಅದೇ ಔಷಧಿ ಫಲ ನೀಡದಿರಬಹುದು.

ಮಗು ಶಾಂತವಾಗಿರುವಾಗ ಪೂರ್ಣ ಒಂದು ನಿಮಿಷ ಉಸಿರಾಟವನ್ನು ಎಣಿಸತಕ್ಕದ್ದು. 2 ತಿಂಗಳೊಳಗಿನ ಶಿಶುವಿಗೆ 60, 2ರಿಂದ 12 ತಿಂಗಳವರೆಗೆ 50, 1ರಿಂದ 5 ವರ್ಷದವರೆಗೆ 40 ಅಥವಾ ಅದಕ್ಕಿಂತ ಹೆಚ್ಚಿದ್ದಲ್ಲಿ, ಉಸಿರೆಳೆದಾಗ ಎದೆಯ ಕೆಳಭಾಗ ಗುಳಿ ಬೀಳುತ್ತಿದ್ದಲ್ಲಿ ಅಥವಾ ಮಗು ಹಾಲು ಕುಡಿಯದಿದ್ದಲ್ಲಿ ವಿಳಂಬವಿಲ್ಲದೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯುವುದು. ತುರ್ತು ವಾಹನಕ್ಕೆ 108ಕ್ಕೆ ಕರೆ ಮಾಡುವುದು.

ವೈದ್ಯರ ಚೀಟಿಯಿಲ್ಲದೆ ಆಂಟಿಬಯೋಟಿಕ್ ಖರೀದಿಸಬಾರದು. ಸೂಚಿಸಿದಷ್ಟು ದಿನ ತಪ್ಪದೆ ನೀಡತಕ್ಕದ್ದು. ಉಳಿದ ಔಷಧಿಯನ್ನು ಮತ್ತೊಂದು ಮಗುವಿಗೆ ಕೊಡಬಾರದು.